ಕೌಸಿಲ್ ಮನೆಯವರ ಕಸುಬು

ಅಮೆರಿಕದ ಅತಿ ಚಿಕ್ಕ ರಾಜ್ಯ ರೋಡ್ ಐಲೆಂಡ್. ಅಲ್ಲಿಯ ಕಡಲತಡಿಯ ಊರು ನ್ಯೂಪೋರ್ಟ್. ಆ ಊರಿನ ಒಂದೇ ಮನೆಯ ಐದು ಜನ ಹಾಡಿದ ‘ದಿ ಕೌಸಿಲ್ಸ್’ ಎಂಬ ಆಲ್ಬಂ ಅನ್ನು ಎಂಜಿಎಂ ರೆಕಾರ್ಡ್ಸ್ 1967ರಲ್ಲಿ ಹೊರತಂದಿತು. ಹಾಡಿದವರು ನಾಲ್ವರು ಅಣ್ಣತಮ್ಮಂದಿರು ಮತ್ತು ಅವರ ತಾಯಿ. ಆ ವರ್ಷದ ಕೊನೆಗೆ ಬಿಲ್‌ಗೆ 19, ಬಾಬ್‌ಗೆ 18, ಬ್ಯಾರಿಗೆ 13, ಡ್ರಮ್ ಬಾರಿಸುತ್ತಿದ್ದ ಜಾನ್‌ಗೆ ಬರೀ 11 ವರ್ಷ. ತಾಯಿ ಬಾರ್ಬರಾಗೆ ಇನ್ನೂ 40 ತುಂಬಿರಲಿಲ್ಲ. ಆಲ್ಬಂನ ಮುಖ್ಯ ಹಾಡು ‘ದಿ ರೇನ್, ದಿ ಪಾರ್ಕ್ ಅಂಡ್ ಅದರ್ ಥಿಂಗ್ಸ್’ ಡಿಸೆಂಬರ್ ಹೊತ್ತಿಗೆ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೇರಿತು. ಅದರ ಮೇಲೆ ಇದ್ದದ್ದು ಮಂಕೀಸ್ ತಂಡದ ‘ಡೇಡ್ರೀಮ್ ಬಿಲೀವರ್’ ಒಂದೇ. ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದವು. ಮಳೆ, ಬಿಸಿಲು, ಹೂವು, ಹುಡುಗಿ ಎಂದು ನಗುನಗುತ್ತ ಹರಿಯುವ ಹಾಡುಗಳು, ಒಂದರ ಮೇಲೊಂದು ಪದರವಾಗಿ ಕೂತ ದನಿಗಳು: ಕೇಳಿದವರಿಗೆ ಇದು ಯಾವ ಪ್ರಯಾಸವೂ ಇಲ್ಲದೆ ಹುಟ್ಟಿದ ಸಂಗೀತ ಅನ್ನಿಸಿತು. ಹಾಗೆ ಅನ್ನಿಸಬೇಕೆಂದೇ ಅದನ್ನು ಮಾರಲಾಯಿತು.

ಈ ಆಲ್ಬಂ ಬಗ್ಗೆ ಎರಡು ಮಾತು ಮೊದಲಿನಿಂದಲೂ ಚಾಲ್ತಿಯಲ್ಲಿವೆ. ಒಂದೇ ರಕ್ತ, ಒಂದೇ ಬಗೆಯ ಗಂಟಲು, ಆದ್ದರಿಂದ ದನಿಗಳು ತಾವಾಗಿಯೇ ಕೂಡಿದವು ಎನ್ನುವುದು ಮೆಚ್ಚಿದವರ ಮಾತು. ಇದೆಲ್ಲ ಕಂಪನಿ ಕಟ್ಟಿಕೊಟ್ಟ ಸರಕು, ಮನೆಯವರದು ಬರೀ ಮುಖ ಎನ್ನುವುದು ಮೂಗು ಮುರಿದವರ ಮಾತು. ಇವೆರಡೂ ಒಂದಕ್ಕೊಂದು ವಿರುದ್ಧವೆಂದು ಕಂಡರೂ ಮಾಡುವ ಕೆಲಸ ಒಂದೇ. ರಕ್ತಕ್ಕೋ ಕಂಪನಿಗೋ ಕೀರ್ತಿ ಒಪ್ಪಿಸಿ, ಹಾಡಿದ ಹುಡುಗರ ದುಡಿಮೆಯನ್ನು ಲೆಕ್ಕದಿಂದ ಬಿಡುತ್ತವೆ. ನನ್ನ ವಾದ ಇಷ್ಟು: ಆ ಆಲ್ಬಂನಲ್ಲಿ ಕೇಳಿಸುವುದು ವರ್ಷಗಟ್ಟಲೆ ಕಲಿತ ಕಸುಬು. ‘ಸುಖೀ ಕುಟುಂಬ’ ಎಂಬ ಹೆಸರಿನ ಹಲಗೆ ಆ ಕಸುಬನ್ನು ಮುಚ್ಚಿತು. ಹಾಗೆ ಮುಚ್ಚಿದ್ದರಿಂದ ಮಕ್ಕಳಿಗೆ ಬರಬೇಕಾದ ಮನ್ನಣೆಯೂ ಬರಲಿಲ್ಲ, ಕೂಲಿಯೂ ಬರಲಿಲ್ಲ. ಇದು ಕೌಸಿಲ್ ಮನೆಗಷ್ಟೇ ಸೇರಿದ ಕತೆಯಲ್ಲ. ಅಮೆರಿಕದಲ್ಲಿ ಮನೆಮಂದಿ ಕೂಡಿ ಹಾಡುವ ಕಸುಬಿನ ನೂರಿಪ್ಪತ್ತು ವರ್ಷಗಳ ಚರಿತ್ರೆಯಲ್ಲಿ ಇದು ಮತ್ತೆ ಮತ್ತೆ ಕಾಣುತ್ತದೆ.

ಮೊದಲು ಹಾಡನ್ನೇ ಹತ್ತಿರದಿಂದ ಕೇಳೋಣ. ಮಳೆಯ ಸದ್ದಿನಿಂದ ಶುರುವಾಗುತ್ತದೆ, ಹಾರ್ಪ್‌ನ ತಂತಿಗಳು ಜಾರಿ ಬರುತ್ತವೆ, ಹಿರಿಯ ಬಿಲ್‌ನ ದನಿ ಕತೆ ಹೇಳತೊಡಗುತ್ತದೆ. ಉಳಿದವರು ಅವನ ಸ್ವರವನ್ನೇ ಹಾಡುವುದಿಲ್ಲ. ಅದಕ್ಕೆ ಹೊಂದುವ ಬೇರೆ ಬೇರೆ ಸ್ವರಗಳನ್ನು ಹಿಡಿದು ಹಿಂದೆ ನಿಲ್ಲುತ್ತಾರೆ. ಪಾಶ್ಚಾತ್ಯ ಸಂಗೀತದ ಹಾರ್ಮನಿ ಇದು. ಚೆನ್ನಾಗಿ ಶ್ರುತಿ ಮಾಡಿದ ತಂಬೂರಿಯಲ್ಲಿ ಮೀಟದೇ ಇದ್ದ ಅಂತರ ಗಾಂಧಾರ ತಾನಾಗಿ ಕೇಳಿಸುವುದನ್ನು ನಮ್ಮ ಸಂಗೀತಗಾರರು ಬಲ್ಲರು. ಹಾರ್ಮನಿಯಲ್ಲಿ ಆ ಗಾಂಧಾರವನ್ನು ಇನ್ನೊಂದು ಗಂಟಲು ನಿಜವಾಗಿಯೂ ಹಾಡುತ್ತದೆ. ಷಡ್ಜಕ್ಕೂ ಅದಕ್ಕೂ ಕಂಪನಗಳ ಪ್ರಮಾಣ 4ಕ್ಕೆ 5, ಪಂಚಮಕ್ಕಾದರೆ 2ಕ್ಕೆ 3. ಈ ಪ್ರಮಾಣ ಸರಿಯಾಗಿ ಕೂತಾಗ ಒಂದೊಂದು ದನಿಯ ಬೆನ್ನಿಗೆ ಹುಟ್ಟುವ ಮೇಲಿನ ನಾದಗಳು ಒಂದರೊಳಗೊಂದು ಬೆರೆತು, ನಡುವಿನ ಅಲುಗಾಟ ನಿಂತು, ಮೂವರ ದನಿ ಒಂದೇ ದೊಡ್ಡ ದನಿಯಂತೆ ಕೇಳುತ್ತದೆ. ಕೂದಲೆಳೆ ತಪ್ಪಿದರೂ ಸಾಕು, ಅಲುಗಾಟ ಮತ್ತೆ ಶುರು. ಸ್ವರ ಕೂಡಿದರಷ್ಟೇ ಸಾಲದು, ಎಲ್ಲರ ಬಾಯಲ್ಲೂ ‘ಆ’ಕಾರ ಒಂದೇ ಅಗಲಕ್ಕೆ ತೆರೆಯಬೇಕು, ಸಾಲಿನ ಕೊನೆಯ ವ್ಯಂಜನ ಒಂದೇ ಗಳಿಗೆಯಲ್ಲಿ ಮುಚ್ಚಬೇಕು, ಯಾರೊಬ್ಬರ ದನಿಯೂ ಕಂಪಿಸಿ ಮುಂದೆ ಚಾಚಬಾರದು.

ಇದರಲ್ಲಿ ರಕ್ತದ ಪಾಲು ಎಷ್ಟು? ಇಲ್ಲವೇ ಇಲ್ಲ ಎನ್ನುವುದು ತಪ್ಪಾದೀತು. ಒಡಹುಟ್ಟಿದವರ ಬಾಯಿ, ಮೂಗು, ಗಂಟಲಿನ ಕಟ್ಟು ಹೋಲುವುದುಂಟು. ಅದಕ್ಕಿಂತ ಹೆಚ್ಚಾಗಿ ಅವರು ಮಾತು ಕಲಿತದ್ದು ಒಂದೇ ಅಡುಗೆಮನೆಯಲ್ಲಿ. ಆ ಮನೆಯ ಸ್ವರಾಕ್ಷರಗಳೇ ಎಲ್ಲರ ನಾಲಗೆಯ ಮೇಲೂ ಇರುತ್ತವೆ. ಎವರ್ಲಿ ಸಹೋದರರ ಜೋಡಿದನಿಯ ಸೊಬಗಿಗೆ ಇದೂ ಒಂದು ಕಾರಣ. ಆದರೆ ಇದು ಹದವಾದ ಮಣ್ಣು ಮಾತ್ರ, ಬೆಳೆಯಲ್ಲ. ಲಕ್ಷಾಂತರ ಮನೆಗಳಲ್ಲಿ ಅಣ್ಣತಮ್ಮಂದಿರಿದ್ದಾರೆ. ಅವರೆಲ್ಲರ ದನಿ ಹೀಗೆ ಕೂಡುವುದಿಲ್ಲ. ಕೌಸಿಲ್ ಮನೆಯಲ್ಲಿಯೇ ಇದಕ್ಕೆ ಸಾಕ್ಷಿ ಇದೆ. ಬಾಬ್‌ಗೆ ರಿಚರ್ಡ್ ಎಂಬ ಅವಳಿ ಸೋದರನಿದ್ದ. ರಕ್ತದ ಲೆಕ್ಕಕ್ಕೆ ಅವನು ಬಾಬ್‌ಗೆ ಉಳಿದ ಅಣ್ಣತಮ್ಮಂದಿರಿಗಿಂತ ದೂರದವನಲ್ಲ. ತಂದೆ ಅವನನ್ನು ತಂಡಕ್ಕೆ ಸೇರಿಸಲಿಲ್ಲ. ಮುಂದೆ ಅವನು ವಿಯೆಟ್ನಾಂ ಯುದ್ಧಕ್ಕೆ ಹೋದ. ಅಣ್ಣತಮ್ಮಂದಿರು ಟಿವಿಯಲ್ಲಿ ಹಾಡುತ್ತಿದ್ದ ಕಾಲದಲ್ಲಿ ‘ಸುಖೀ ಕುಟುಂಬ’ದ ಚಿತ್ರದಿಂದ ಒಂದು ಮಗು ಹೊರಗೇ ಉಳಿಯಿತು. ಯಾರು ಒಳಗೆ, ಯಾರು ಹೊರಗೆ ಎಂದು ಆರಿಸಿದ್ದು ತಂಡದ ಯಜಮಾನಿಕೆ.

ಆ ಯಜಮಾನ ವಿಲಿಯಂ ಕೌಸಿಲ್. ಎಲ್ಲರಿಗೂ ‘ಬಡ್’. ಅಮೆರಿಕದ ನೌಕಾಪಡೆಯಲ್ಲಿ ದುಡಿದು ನಿವೃತ್ತನಾದ ಮನುಷ್ಯ. ಬಿಲ್ ಮತ್ತು ಬಾಬ್ ಗಿಟಾರ್ ಹಿಡಿದು ಎವರ್ಲಿಗಳ ಹಾಡು, ಆಮೇಲೆ ಬೀಟಲ್ಸ್ ಹಾಡು ಕಲಿತರು. ಬ್ಯಾರಿ, ಜಾನ್ ಒಬ್ಬೊಬ್ಬರಾಗಿ ಸೇರಿಕೊಂಡರು. ನ್ಯೂಪೋರ್ಟ್ ಸಂಗೀತಕ್ಕೆ ಅಪರಿಚಿತ ಊರೇನಲ್ಲ: 1954ರಿಂದ ಜಾಝ್ ಉತ್ಸವ, 1959ರಿಂದ ಜಾನಪದ ಸಂಗೀತದ ಉತ್ಸವ ಅಲ್ಲಿ ನಡೆಯುತ್ತಿದ್ದವು. 1965ರ ಜುಲೈನಲ್ಲಿ ಬಾಬ್ ಡೈಲನ್ ಎಲೆಕ್ಟ್ರಿಕ್ ಗಿಟಾರ್ ಹಿಡಿದು ಗದ್ದಲ ಎಬ್ಬಿಸಿದ್ದು ಇದೇ ಊರಿನಲ್ಲಿ. ಅದೇ ವರ್ಷ ಕೌಸಿಲ್ ಹುಡುಗರ ಮೊದಲ ರೆಕಾರ್ಡ್ ಬಂತು. ಗಾಯಕ ಜಾನಿ ನ್ಯಾಶ್ ಪಾಲುದಾರನಾಗಿದ್ದ ಜೋಡಾ ಎಂಬ ಸಣ್ಣ ಕಂಪನಿ ಅದನ್ನು ತಂದಿತು. ಓಡಲಿಲ್ಲ. ಆಮೇಲೆ ಫಿಲಿಪ್ಸ್ ಕಂಪನಿಗೆ ಹಾಡಿದರು. ಅವೂ ಓಡಲಿಲ್ಲ. ಎರಡು ವರ್ಷ ಸೋತು, ಸಿಕ್ಕ ಸಿಕ್ಕ ವೇದಿಕೆಗಳಲ್ಲಿ ರಾತ್ರಿಗಟ್ಟಲೆ ನುಡಿಸಿ ಹಾಡಿದ ಮೇಲೆ ಎಂಜಿಎಂ ಬಾಗಿಲು ತೆರೆಯಿತು. ರಕ್ತವೇ ಹಾಡುವುದಾಗಿದ್ದರೆ 1965ರಲ್ಲೂ ಅದೇ ರಕ್ತವಿತ್ತು.

ಇಲ್ಲಿ ಒಂದು ಗಟ್ಟಿ ಆಕ್ಷೇಪವಿದೆ, ಅದನ್ನು ತಳ್ಳಿಹಾಕಲಾಗದು. ಮುಖ್ಯ ಹಾಡನ್ನು ಬರೆದವರು ಆರ್ಟಿ ಕಾರ್ನ್‌ಫೆಲ್ಡ್ ಮತ್ತು ಸ್ಟೀವ್ ಡುಬಾಫ್, ನಿರ್ಮಾಪಕ ಕಾರ್ನ್‌ಫೆಲ್ಡ್. ಮೊದಲ ಆಲ್ಬಂನ ವಾದ್ಯಗಳಿಗೆ ನ್ಯೂಯಾರ್ಕಿನ ನುರಿತ ಸ್ಟುಡಿಯೋ ವಾದಕರು ಬಂದರು. ತಾಯಿಯನ್ನು ತಂಡಕ್ಕೆ ಸೇರಿಸಿದ್ದೂ ಈ ಹಂತದಲ್ಲೇ. ಅಮ್ಮನೂ ಮಕ್ಕಳೂ ಒಂದೇ ಮೈಕಿನ ಮುಂದೆ ಎನ್ನುವುದು ಪತ್ರಿಕೆಗಳಿಗೆ ಒಳ್ಳೆಯ ಸುದ್ದಿ. ಹಾಗಾದರೆ ಇದು ಕಂಪನಿಯ ಕೃತಿಯಲ್ಲವೇ? ಅಂದಿನ ರೂಢಿಯನ್ನು ನೋಡಿದರೆ ಈ ಆಕ್ಷೇಪ ಅಷ್ಟು ದೂರ ಹೋಗುವುದಿಲ್ಲ. ಬೀಚ್ ಬಾಯ್ಸ್ ತಂಡದ ದೊಡ್ಡ ಆಲ್ಬಂಗಳಲ್ಲೂ ಬಾಡಿಗೆ ವಾದಕರೇ ನುಡಿಸಿದರು, ಅದಕ್ಕಾಗಿ ಯಾರೂ ಆ ತಂಡದ ಹಾರ್ಮನಿಯನ್ನು ಕಂಪನಿಗೆ ಬರೆದುಕೊಡಲಿಲ್ಲ. ಕೌಸಿಲ್ ಆಲ್ಬಂನ ಜೀವಾಳ ಹಾಡಿಕೆ, ಅದು ಮನೆಯವರದೇ. ಬಿಲ್ ಮತ್ತು ಬಾಬ್ ಸೇರಿ ಬರೆದ ಹಾಡುಗಳೂ ಅದರಲ್ಲಿವೆ. ಮಿರಾಕಲ್ಸ್ ತಂಡ ಹಾಡಿದ್ದ ಮೋಟೌನ್ ಕಂಪನಿಯ ಗೀತೆಯೊಂದನ್ನು ಅವರು ಅಲ್ಲಿ ಎತ್ತಿಕೊಂಡದ್ದು ಕರಿಯರ ಸಂಗೀತವನ್ನೂ ಗಮನವಿಟ್ಟು ಕೇಳಿದ್ದ ಕಿವಿಗಳ ಗುರುತು. ಇನ್ನೂ ಬಲವಾದ ಸಾಕ್ಷಿ ಎರಡು ವರ್ಷದ ಮೇಲಿನದು: 1969ರಲ್ಲಿ ‘ಹೇರ್’ ಎಂಬ ರಂಗನಾಟಕದ ಶೀರ್ಷಿಕೆಗೀತೆಯನ್ನು ಬಿಲ್ ಮತ್ತು ಬಾಬ್ ತಾವೇ ನಿರ್ಮಾಪಕರಾಗಿ ಮುದ್ರಿಸಿದರು. ಅದೂ ಎರಡನೇ ಸ್ಥಾನಕ್ಕೇರಿತು, ಅದೂ ಹತ್ತು ಲಕ್ಷ ದಾಟಿತು. ಕಂಪನಿಯವರ ಕೈ ಹಿಡಿಯದೆ ನಡೆಯಲಾರದ ಹುಡುಗರು ಹೀಗೆ ನಡೆಯುತ್ತಿರಲಿಲ್ಲ.

ಮನೆಮಂದಿ ಕೂಡಿ ಹಾಡಿ ಹೊಟ್ಟೆ ಹೊರೆಯುವ ಪದ್ಧತಿಗೆ ಅಮೆರಿಕದಲ್ಲಿ ಹಳೆಯ ಬೇರುಗಳಿವೆ, ಬೀಜ ಮಾತ್ರ ಹೊರಗಿನದು. ಆಲ್ಪ್ಸ್ ಪರ್ವತದ ಟಿರೋಲ್ ಸೀಮೆಯ ರೈನರ್ ಕುಟುಂಬ 1839ರಿಂದ ಕೆಲವು ವರ್ಷ ಅಮೆರಿಕ ಸುತ್ತಿ, ಬೆಟ್ಟನಾಡಿನ ಉಡುಗೆ ತೊಟ್ಟು ನಾಲ್ಕು ದನಿಯಲ್ಲಿ ಹಾಡಿತು. ಅದನ್ನು ಕಂಡು ಕಲಿತವರಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಮಿಲ್ಫರ್ಡ್‌ನ ರೈತ ಮನೆತನದ ಹಚಿನ್‌ಸನ್‌ಗಳು ಮುಖ್ಯರು: ಜಡ್ಸನ್, ಜಾನ್, ಏಸಾ, ತಂಗಿ ಆಬಿ. 1840ರ ದಶಕದಲ್ಲಿ ಅವರಷ್ಟು ಜನಪ್ರಿಯರಾದ ಅಮೆರಿಕನ್ ಗಾಯಕರು ಕಡಿಮೆ. ಅವರು ಹಾಡಿದ್ದು ಗುಲಾಮಗಿರಿಯ ವಿರುದ್ಧ, ಮದ್ಯದ ವಿರುದ್ಧ, ಹೆಂಗಸರ ಹಕ್ಕಿನ ಪರ. 1845ರಲ್ಲಿ ಗುಲಾಮಗಿರಿಯಿಂದ ಪಾರಾಗಿ ಬಂದಿದ್ದ ಫ್ರೆಡರಿಕ್ ಡಗ್ಲಸ್ ಬ್ರಿಟನ್ನಿಗೆ ಹೊರಟ ಕೇಂಬ್ರಿಯಾ ಹಡಗಿನಲ್ಲಿ ಅವರೂ ಇದ್ದರು. ಕುಟುಂಬ ತಂಡವೆಂದರೆ ರಾಜಕೀಯದ ಸೋಂಕಿಲ್ಲದ ಸಿಹಿತಿನಿಸು ಎಂಬ ತಿಳಿವಳಿಕೆ ಈ ಕಸುಬಿನ ಮೊದಲ ದಿನಗಳಿಗೆ ಸಲ್ಲುವುದಿಲ್ಲ. ಆದರೆ ಒಂದು ಸಂಗತಿ ಆಗಲೇ ಕಾಣಿಸಿತ್ತು: 1849ರಲ್ಲಿ ಆಬಿ ಮದುವೆಯಾಗಿ ವೇದಿಕೆ ಬಿಟ್ಟಾಗ ನಾಲ್ಕು ದನಿಗಳ ಕಟ್ಟು ಸಡಿಲಿತು. ಅವಳ ಜಾಗವನ್ನು ಮನೆಯ ಇನ್ನೊಬ್ಬರು ಸುಮ್ಮನೆ ತುಂಬಲಾಗಲಿಲ್ಲ, ಏಕೆಂದರೆ ಅವಳು ತಂದದ್ದು ಕುಲನಾಮವೊಂದೇ ಅಲ್ಲ, ವರ್ಷಗಳ ಪಳಗಿಕೆ.

ಮುಂದಿನ ಶತಮಾನದಲ್ಲಿ ಇದು ಇನ್ನೂ ಸ್ಪಷ್ಟ. 1927ರ ಆಗಸ್ಟಿನಲ್ಲಿ ಬ್ರಿಸ್ಟಲ್ ಎಂಬ ಊರಿನಲ್ಲಿ ವಿಕ್ಟರ್ ಕಂಪನಿಯ ಪರವಾಗಿ ರಾಲ್ಫ್ ಪಿಯರ್ ಕಾರ್ಟರ್ ಕುಟುಂಬದ ಹಾಡು ಮುದ್ರಿಸಿದ. ಅಮೆರಿಕದ ಕಂಟ್ರಿ ಸಂಗೀತದ ಅಡಿಗಲ್ಲುಗಳಲ್ಲಿ ಅದೊಂದು. ಆ ‘ಕುಟುಂಬ’ದಲ್ಲಿ ಇದ್ದವರು ಎ.ಪಿ. ಕಾರ್ಟರ್, ಅವನ ಹೆಂಡತಿ ಸಾರಾ, ಸಾರಾಳ ಸೋದರಸಂಬಂಧಿಯೂ ಎ.ಪಿ.ಯ ತಮ್ಮನ ಹೆಂಡತಿಯೂ ಆಗಿದ್ದ ಮೇಬೆಲ್. 1930ರ ದಶಕದಲ್ಲಿ ಗಂಡಹೆಂಡಿರು ಬೇರೆಯಾಗಿ, 1936ರಲ್ಲಿ ವಿಚ್ಛೇದನವೂ ಆಯಿತು. ಆದರೂ ಕಾರ್ಟರ್ ಕುಟುಂಬ ಎಂಬ ಹೆಸರಿನಲ್ಲಿ ಇನ್ನೂ ಹಲವು ವರ್ಷ ಮೂವರೂ ಒಟ್ಟಿಗೆ ಹಾಡಿದರು. ಮನೆ ಮುರಿದಿತ್ತು, ಹಾರ್ಮನಿ ಮುರಿಯಲಿಲ್ಲ! ಮಿಲ್ಸ್ ಬ್ರದರ್ಸ್ ಎಂಬ ಕರಿಯ ಸಹೋದರರ ತಂಡದಲ್ಲಿ ಮಂದ್ರ ಹಾಡುತ್ತಿದ್ದ ಹಿರಿಯಣ್ಣ 1936ರಲ್ಲಿ ತೀರಿಕೊಂಡಾಗ ಅವನ ಜಾಗಕ್ಕೆ ತಂದೆ ಬಂದು ನಿಂತರು, ಸುಮಾರು 20 ವರ್ಷ ಹಾಡಿದರು. ತಂದೆಯೂ ಒಂದು ಕಾಲದಲ್ಲಿ ತಂಡ ಕಟ್ಟಿ ಹಾಡಿದವರೇ ಆದ್ದರಿಂದ ಇದು ಸಾಧ್ಯವಾಯಿತು. ಈ ಉದಾಹರಣೆಗಳನ್ನು ಒಟ್ಟಿಗೆ ಇಟ್ಟರೆ ನನಗೆ ಕಾಣುವುದು ಇದು: ಕುಟುಂಬ ಎನ್ನುವುದು ಕಲಿಕೆಯ ಜಾಗ, ಮತ್ತು ವ್ಯಾಪಾರದ ಹೆಸರು. ದನಿ ಕೂಡುವುದು ಮೊದಲನೆಯದರಿಂದ, ರೆಕಾರ್ಡಿನ ತಟ್ಟೆ ಮಾರುವುದು ಎರಡನೆಯದರಿಂದ.

1967ರಲ್ಲಿ ಆ ಹೆಸರಿಗೆ ಎಂದಿಲ್ಲದ ಬೆಲೆ ಬಂದಿತ್ತು. ಆ ವರ್ಷದ ಕೊನೆಗೆ ವಿಯೆಟ್ನಾಂನಲ್ಲಿದ್ದ ಅಮೆರಿಕನ್ ಸೈನಿಕರು 4.8 ಲಕ್ಷಕ್ಕೂ ಹೆಚ್ಚು. ಜುಲೈನಲ್ಲಿ ಡೆಟ್ರಾಯಿಟ್ ನಗರ ಹೊತ್ತಿ ಉರಿದು 43 ಜನ ಸತ್ತಿದ್ದರು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮನೆ ಬಿಟ್ಟು ಬಂದ ಹುಡುಗ ಹುಡುಗಿಯರು ತಲೆಗೆ ಹೂ ಮುಡಿದು ಬೀದಿ ತುಂಬಿದ್ದರು. ಅಪ್ಪ ಅಮ್ಮಂದಿರಿಗೆ ಆ ಹೂವಿನ ಮೇಲೆ ಭಯ, ಮಕ್ಕಳಿಗೆ ಅದರ ಮೇಲೆಯೇ ಮೋಹ. ಕೌಸಿಲ್ ಹಾಡು ಅದೇ ಹೂವನ್ನು ಎತ್ತಿಕೊಂಡು ಒಬ್ಬ ತಾಯಿಯ ದನಿಯ ಪಕ್ಕದಲ್ಲಿ ಇಟ್ಟಿತು. ಎರಡು ಪೀಳಿಗೆಯೂ ಕೂತು ಕೇಳಬಹುದಾದ ಪಾಪ್ ಹಾಡು ಅದು. ಮಾರುಕಟ್ಟೆ ಇದನ್ನು ಬೇಗ ಗುರುತಿಸಿತು. 1968ರ ಹೊತ್ತಿಗೆ ಎಂಟು ಒಂಬತ್ತು ವರ್ಷದ ಸೂಸನ್ ಕೂಡ ವೇದಿಕೆಗೆ ಬಂದಳು, ಇನ್ನೊಬ್ಬ ಅಣ್ಣ ಪಾಲ್ ಸೇರಿದ. ಅಮೆರಿಕದ ಹಾಲು ಉತ್ಪಾದಕರ ಸಂಘ ತನ್ನ ಜಾಹೀರಾತಿಗೆ ಇಡೀ ಮನೆಯನ್ನೇ ಒಪ್ಪಂದ ಮಾಡಿಕೊಂಡಿತು. ಕೈಯಲ್ಲಿ ಹಾಲಿನ ಲೋಟ, ಮುಖದಲ್ಲಿ ನಗು. ಹಾಡುವ ಮನೆಯ ನಗುವೇ ಬಿಡಿಯಾಗಿ ಮಾರಬಲ್ಲ ಸರಕಾದದ್ದು ಹೀಗೆ.

ಹಾಡಿನಿಂದ ನಗುವಿನ ಈ ಬೇರ್ಪಡುವಿಕೆ ಪೂರ್ತಿಯಾದದ್ದು ಟಿವಿಯಲ್ಲಿ. 1970ರ ಸೆಪ್ಟೆಂಬರಿನಲ್ಲಿ ಎಬಿಸಿ ವಾಹಿನಿಯಲ್ಲಿ ಶುರುವಾದ ‘ದಿ ಪಾರ್ಟ್‌ರಿಜ್ ಫ್ಯಾಮಿಲಿ’ ಧಾರಾವಾಹಿ ಕೌಸಿಲ್‌ಗಳನ್ನು ಕಂಡೇ ಹುಟ್ಟಿದ್ದು: ಒಬ್ಬ ತಾಯಿ, ಹಾಡುವ ಮಕ್ಕಳು, ಬಣ್ಣದ ಬಸ್ಸು. ಮೊದಲು ಕೌಸಿಲ್ ಮಕ್ಕಳನ್ನೇ ನಟಿಸಲು ಕೇಳಿದ್ದರು. ತಾಯಿಯ ಪಾತ್ರ ಮಾತ್ರ ನಟಿ ಶರ್ಲಿ ಜೋನ್ಸ್‌ಗೆ ಎಂದಾಗ ಮಾತುಕತೆ ಮುರಿಯಿತು. ಧಾರಾವಾಹಿಯ ತಟ್ಟೆಗಳಲ್ಲಿ ಪಾತ್ರಧಾರಿಗಳ ಪೈಕಿ ನಿಜವಾಗಿ ಹಾಡಿದವರು ಶರ್ಲಿ ಜೋನ್ಸ್ ಮತ್ತು ಅವಳ ಮಲಮಗ ಡೇವಿಡ್ ಕ್ಯಾಸಿಡಿ ಇಬ್ಬರೇ. ಉಳಿದ ದನಿಗಳು ಲಾಸ್ ಏಂಜಲೀಸ್‌ನ ಸ್ಟುಡಿಯೋ ಗಾಯಕರವು. ಅದರ ಮೊದಲ ಹಾಡು ಒಂದನೇ ಸ್ಥಾನಕ್ಕೇರಿತು, ಕೌಸಿಲ್‌ಗಳಿಗೆ ಕಡೆಗೂ ದಕ್ಕದೆ ಹೋದ ಸ್ಥಾನ ಅದು. ಬರೆದವನು ಟೋನಿ ರೋಮಿಯೋ, 1968ರಲ್ಲಿ ಕೌಸಿಲ್‌ಗಳಿಗೆ ‘ಇಂಡಿಯನ್ ಲೇಕ್’ ಬರೆದುಕೊಟ್ಟಿದ್ದವನೇ. ರಕ್ತದ ವಾದದವರು ಇಲ್ಲಿ ಉತ್ತರ ಕೊಡಬೇಕು: ಆ ತಟ್ಟೆಗಳ ಹಾರ್ಮನಿ ಅಚ್ಚುಕಟ್ಟಾಗಿಯೇ ಇದೆ, ಹಾಡಿದವರೆಲ್ಲ ಒಂದೇ ಮನೆಯವರಲ್ಲ. ಕಸುಬು ಬಲ್ಲವರು ಕೂಡಿದಲ್ಲಿ ದನಿ ಕೂಡುತ್ತದೆ. ಧಾರಾವಾಹಿಗೆ ಬೇಕಾದದ್ದು ಕೌಸಿಲ್‌ಗಳ ಚಿತ್ರ, ಅವರ ಕೆಲಸವಲ್ಲ.

ದುಡಿಮೆ ಕಣ್ಣಿಗೆ ಬೀಳದಿದ್ದಾಗ ದುಡಿದವರಿಗೆ ಆಗುವ ನಷ್ಟ ಸಣ್ಣದಲ್ಲ. ಮಕ್ಕಳು ಸಿನಿಮಾದಲ್ಲಿ ದುಡಿದ ಹಣವನ್ನು ಹೆತ್ತವರು ಕರಗಿಸಬಾರದೆಂದು ಕ್ಯಾಲಿಫೋರ್ನಿಯಾ 1939ರಲ್ಲೇ ಕಾಯ್ದೆ ಮಾಡಿತ್ತು. ಬಾಲನಟ ಜಾಕಿ ಕೂಗನ್‌ನ ಪ್ರಕರಣ ಅದಕ್ಕೆ ಕಾರಣ. ಆದರೆ ಊರೂರು ತಿರುಗುವ ಮನೆಯೇ ಕಂಪನಿಯಾಗಿ, ಅಪ್ಪನೇ ಮ್ಯಾನೇಜರ್ ಆದಾಗ, ಹನ್ನೊಂದರ ಹುಡುಗ ರಾತ್ರಿ ಡ್ರಮ್ ಬಾರಿಸುವುದು ಯಾರ ಕಣ್ಣಿಗೂ ಕೂಲಿಕೆಲಸವಾಗಿ ಕಾಣುವುದಿಲ್ಲ. ಬಡ್ ಕೌಸಿಲ್‌ನ ಹೊಡೆತ ಬಡಿತ, ಕೈತಪ್ಪಿ ಹೋದ ಹಣ, ಇವನ್ನೆಲ್ಲ ಮಕ್ಕಳೇ 2011ರ ‘ಫ್ಯಾಮಿಲಿ ಬ್ಯಾಂಡ್’ ಸಾಕ್ಷ್ಯಚಿತ್ರದಲ್ಲಿ ಬಿಚ್ಚಿ ಹೇಳಿದ್ದಾರೆ. ತಂಡದ ಬೆನ್ನೆಲುಬಾಗಿದ್ದ ಬಿಲ್‌ನನ್ನು 1969ರಲ್ಲಿ ತಂದೆಯೇ ಹೊರಹಾಕಿದ, ‘ಹೇರ್’ ಗೆದ್ದ ವರ್ಷವೇ. ಕೆಲವೇ ವರ್ಷಗಳಲ್ಲಿ ತಂಡ ಒಡೆಯಿತು, ದುಡಿದ ಹಣ ಮಕ್ಕಳ ಪಾಲಿಗೆ ಉಳಿದಿರಲಿಲ್ಲ. ಬೀಚ್ ಬಾಯ್ಸ್‌ಗೆ ಮರ್ರಿ ವಿಲ್ಸನ್, ಜಾಕ್ಸನ್ 5ಗೆ ಜೋ ಜಾಕ್ಸನ್: ಆ ಕಾಲದ ಅಪ್ಪ-ಮ್ಯಾನೇಜರುಗಳ ಸಾಲಿನಲ್ಲಿ ಬಡ್ ಒಬ್ಬನೇ ಅಲ್ಲ. ಕಟ್ಟುನಿಟ್ಟಿನ ಅಪ್ಪನಿಲ್ಲದೆ ಆ ಹಾರ್ಮನಿ ಹುಟ್ಟುತ್ತಿತ್ತೇ ಎಂದು ಕೇಳುವವರಿದ್ದಾರೆ. ಬೀಚ್ ಬಾಯ್ಸ್ 1964ರಲ್ಲಿ ಅಪ್ಪನನ್ನು ಮ್ಯಾನೇಜರ್ ಕೆಲಸದಿಂದ ತೆಗೆದರು. ಅವರ ದೊಡ್ಡ ಆಲ್ಬಂ ‘ಪೆಟ್ ಸೌಂಡ್ಸ್’ ಬಂದದ್ದು 1966ರಲ್ಲಿ. ಆ ಪ್ರಶ್ನೆಗೆ ಇಷ್ಟು ಸಾಕು.

ಇನ್ನೊಂದು ಆಕ್ಷೇಪ ಉಳಿಯುತ್ತದೆ: ಇದೆಲ್ಲ ತಿಳಿದ ಮೇಲೆ ಆ ಆಲ್ಬಂನ ಉಲ್ಲಾಸ ಸುಳ್ಳು ಎನ್ನಿಸುವುದಿಲ್ಲವೇ? ನನಗೆ ಹಾಗನ್ನಿಸುವುದಿಲ್ಲ. ಅದು ಸುಖೀ ಕುಟುಂಬದ ದಾಖಲೆ ಎಂದು ನಂಬಿದ್ದವರಿಗೆ ಮಾತ್ರ ಮೋಸ ಹೋದಂತೆ ಆಗಬೇಕು. ಉಲ್ಲಾಸವನ್ನು ಸ್ವರದಲ್ಲಿ ಕಟ್ಟುವುದು ಒಂದು ವಿದ್ಯೆ. ಮನೆಯಲ್ಲಿ ಸುಖವಿದೆಯೋ ಇಲ್ಲವೋ, ಆ ವಿದ್ಯೆ ನಿಜ. ಮಳೆಯ ಹಾಡನ್ನೇ ಕೊನೆಯವರೆಗೆ ಕೇಳಿದರೆ ಬಿಸಿಲು ಬಂದೊಡನೆ ಆ ಹುಡುಗಿ ಕಾಣೆಯಾಗಿರುತ್ತಾಳೆ, ಹೇಳುವವನ ಬಳಿ ಹೂವಷ್ಟೇ ಇರುತ್ತದೆ. ಹಿಂದಿನ ದನಿಗಳು ಮಾತ್ರ ಕುಗ್ಗುವುದಿಲ್ಲ, ಇನ್ನೂ ಎತ್ತರಕ್ಕೆ ಹೋಗುತ್ತವೆ. ಕಳೆದುಕೊಂಡದ್ದನ್ನು ಸಂಭ್ರಮದ ಸ್ವರದಲ್ಲಿ ಹಾಡಲು ಎಳೆಯ ಗಂಟಲುಗಳಿಗೆ ಎಷ್ಟು ಹಿಡಿತ ಬೇಕೆಂದು ಯೋಚಿಸಿದರೆ ಹಾಡಿನ ಬಗ್ಗೆ ಗೌರವ ಹೆಚ್ಚುತ್ತದೆ.

ಆ ವಿದ್ಯೆ ‘ಸುಖೀ ಕುಟುಂಬ’ದ ಹಲಗೆ ಬಿದ್ದ ಮೇಲೂ ಬದುಕಿತು. ಬಾರ್ಬರಾ 1985ರಲ್ಲಿ, ಬಡ್ 1992ರಲ್ಲಿ ತೀರಿಕೊಂಡರು. ಬ್ಯಾರಿ 2005ರ ಕತ್ರಿನಾ ಚಂಡಮಾರುತದ ಹೊತ್ತಿನಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಸತ್ತ. ಜಾನ್ 2000ದಿಂದ ಎರಡು ದಶಕಕ್ಕೂ ಮಿಕ್ಕಿ ಬೀಚ್ ಬಾಯ್ಸ್ ಕಛೇರಿಗಳಲ್ಲಿ ನುಡಿಸಿದ. ಮೊದಲ ಆಲ್ಬಂನಲ್ಲಿ ಇಲ್ಲದಿದ್ದ ಪಾಲ್ ಮತ್ತು ಸೂಸನ್, ಬಾಬ್ ಜೊತೆ ಸೇರಿ 2022ರಲ್ಲಿ ‘ರಿದಮ್ ಆಫ್ ದಿ ವರ್ಲ್ಡ್’ ಎಂಬ ಹೊಸ ಆಲ್ಬಂ ತಂದರು. ಯಾರೂ ನಿಲ್ಲಿಸಿ ಹಾಡಿಸದಿದ್ದರೂ ಹಾಡಿದರು. ಮನೆಯಿಂದ ಹೊರಬಿದ್ದ ಬಿಲ್ ಕೆನಡಾ ಸೇರಿ, 1990ರ ದಶಕದಲ್ಲಿ ವ್ಯಾಂಕೂವರ್‌ನಲ್ಲಿ ಬ್ಲೂ ಶ್ಯಾಡೋಸ್ ಎಂಬ ತಂಡ ಕಟ್ಟಿದ. 1993ರ ಅವರ ಮೊದಲ ಆಲ್ಬಂನಲ್ಲಿ ಎವರ್ಲಿ ಸಹೋದರರನ್ನು ನೆನಪಿಸುವ ಜೋಡಿದನಿ ಉದ್ದಕ್ಕೂ ಇದೆ. ಬಿಲ್‌ನ ಪಕ್ಕದ ಆ ಎರಡನೇ ದನಿ ಜೆಫ್ರಿ ಹ್ಯಾಚರ್‌ನದು. ಕೌಸಿಲ್ ಮನೆಗೆ ಸಂಬಂಧವೇ ಇಲ್ಲದ, ತನ್ನ ಪಾಡಿಗೆ ಹಾಡು ಕಟ್ಟಿಕೊಂಡಿದ್ದ ಕೆನಡಾದ ಸಂಗೀತಗಾರ ಆತ.